ಕಾರಂಜಿ ಹುಲ್ಲಿಗೆ ಎರಡು ಬಿಂದಿಗೆ

(ಬರೆದು, ಅಂಚೆಗೆ ಹಾಕದೆ ಉಳಿಸಿಕೊಂಡದ್ದು)

ಹೊಸೂರು
14-3-2004

ಟೀಚರಮ್ಮನವರಿಗೆ ಹನುಮಂತರಾಯಪ್ಪ ಮಾಡುವ ನಮಸ್ಕಾರಗಳು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಿಮ್ಮ ಮನೆ ಮುಂದಿನ ನಾಲ್ಕು ಬುಡ ಕಾರಂಜಿ ಹುಲ್ಲಿಗೆ ಇವತ್ತಿನವರೆಗೆ ಆದ ವೆಚ್ಚ ಇದು. ನಿಮ್ಮ ಬಲಸೊಂಟದ ಮೂಳೆ ಒಂದು. ಅದರೊಳಗೆ ಡಾಕ್ಟರು ಕೂರಿಸಿದ ಉಕ್ಕಿನ ಸರಳು ಒಂದು. ಆಸ್ಪತ್ರೆಯ ಮಂಚದಲ್ಲಿ ಹದಿನೇಳು ದಿನ. ಕುತ್ತಿಗೆಯ ಹತ್ತಿರ ಸೊಟ್ಟಗಾದ ತಾಮ್ರದ ಬಿಂದಿಗೆ ಒಂದು. ಆದಿಲಕ್ಷ್ಮಿ ಕಸಮುಸುರೆ ಮಾಡಿಕೊಂಡು ಬದುಕುತ್ತಿದ್ದ ಮನೆಗಳು, ನಿಮ್ಮದೂ ಸೇರಿ, ನಾಲ್ಕು. ಬಾವಿಯಿಂದ ಸೇದಿದ ನೀರು ಎಂಟು ತಿಂಗಳಿಗೆ ಇನ್ನೂರ ನಲವತ್ತು ಬಿಂದಿಗೆ. ಅದರಲ್ಲಿ ಹುಲ್ಲಿಗೆ ನಿಜವಾಗಿ ಬೇಕಿದ್ದದ್ದು ಬೇರು ಕಚ್ಚುವ ತನಕ, ಮೊದಲ ಮೂರು ತಿಂಗಳ ತೊಂಬತ್ತು. ಉಳಿದ ನೂರ ಐವತ್ತು ನಾನು ಹೇಳಿದ ಒಂದು ಸುಳ್ಳಿನ ಬುಡಕ್ಕೆ ಹೋದವು.

ಸುಳ್ಳು ಹೇಳಿದ ದಿನ ಅದಕ್ಕೆ ಏನೂ ಖರ್ಚಾಗಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ, ನೀವು ಕೊಟ್ಟ ಕಾಫಿ ಕುಡಿದೆ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಿವಿ ಮಂದ. ನಿಮ್ಮನ್ನು ಕೃಷ್ಣಗಿರಿಗೆ ಕರೆದುಕೊಂಡು ಹೋದ ಶ್ರೀರಂಜನಿಯೇ ಫೋನೆತ್ತಿ, ನಾನು ಹೇಳಿದ್ದನ್ನು ನಿಮ್ಮ ಕಿವಿಗೆ ಕೂಗಬೇಕು. ಮಗಳ ಬಾಯಲ್ಲಿ ತಾಯಿಗೆ ಕೂಗಿಸುವ ಮಾತಲ್ಲ ಇದು. ಬರೆಯೋಣವೆಂದರೆ ಬರೆಯುವುದನ್ನು ಕಲಿಸಿದವರೂ ನೀವೇ. ಎಪ್ಪತ್ತೊಂಬತ್ತರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಗುಲಾಬಿ ಕಡ್ಡಿ ಮಾರಿ ಮುಗಿಸಿ, ಗುಮ್ಮಳಾಪುರದ ಬಸ್ಸು ಬರುವವರೆಗೆ ನಿಮ್ಮ ಜಗುಲಿಯಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದೆ. ಇಪ್ಪತ್ತೈದು ವರ್ಷದ ಗಂಡಸು, ಹೆಬ್ಬೆಟ್ಟು. ಬೀದಿಯಲ್ಲಿ ಹೋಗುವ ಹುಡುಗರು ನಗುತ್ತಿದ್ದರು. ನೀವು ಬಾಗಿಲನ್ನು ಅರ್ಧ ಮುಂದೆ ಮಾಡಿ, ಅವರಿಗೆ ನಾನು ಕಾಣದ ಹಾಗೆ ಕೂರಿಸುತ್ತಿದ್ದಿರಿ. ಆ ಅಕ್ಷರದಿಂದಲೇ ಇವತ್ತು ಕೆಲಮಂಗಲ ರಸ್ತೆಯಲ್ಲಿ ಎರಡೆಕರೆ ನರ್ಸರಿ, ಆರು ಕಾರ್ಖಾನೆಗಳ ತೋಟದ ಕಂಟ್ರಾಕ್ಟು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹೋದ ವರ್ಷ ಮಳೆ ಕೈಕೊಟ್ಟು, ಕೊಳಾಯಿ ನೀರು ಒಂಬತ್ತು ದಿನಕ್ಕೊಮ್ಮೆ ಬರುವಂತಾದಾಗ ನಿಮ್ಮ ಗುಲಾಬಿಗಳು ಒಣಗಿದವು. ದಿನಕ್ಕೆ ಐದು ಬಿಂದಿಗೆ ಕೇಳುವ ಗಿಡಗಳು. ನಾನು ಅವನ್ನು ಕಿತ್ತು ಹಾಕಿಸಿ, ಜೂನ್ ತಿಂಗಳಲ್ಲಿ ಕಾರಂಜಿ ಹುಲ್ಲು ನೆಟ್ಟೆ. ಕೆಂಪು ಗರಿ, ಅಳಿಲಿನ ಬಾಲದಂಥ ತೆನೆ, ಬರಗಾಲಕ್ಕೆ ಹೇಳಿ ಮಾಡಿಸಿದ್ದು. ಎರಡು ದಿನಕ್ಕೆ ಎರಡು ಬಿಂದಿಗೆ ಸಾಕು ಅಂದೆ. ಅಷ್ಟು ಉಳಿತಾಯಕ್ಕೇ ನೀವು ಬಹಳ ಸಂತೋಷಪಟ್ಟಿರಿ. ಮೂರು ತಿಂಗಳಾದ ಮೇಲೆ ಅದೂ ಬೇಡ ಎನ್ನುವುದನ್ನು ನಾನು ಹೇಳಲಿಲ್ಲ.

ಯಾಕೆ ಹೇಳಲಿಲ್ಲವೆಂದರೆ ತಿಲಕ್. ನಿಮ್ಮ ಹಳೆಯ ವಿದ್ಯಾರ್ಥಿ, ಈಗ ಬೇರಿಂಗ್ ಕಾರ್ಖಾನೆಯ ಆಫೀಸರು, ದಿನಾ ನಿಮ್ಮ ಗೇಟಿನ ಮುಂದೆ ಕಾರು ನಿಧಾನ ಮಾಡಿ ಕೈಮುಗಿದು ಹೋಗುವವನು. ಅವನ ಕಾರ್ಖಾನೆಯ ಗೇಟಿನ ಪಕ್ಕದಲ್ಲೂ ಇದೇ ಹುಲ್ಲು ಹಾಕಿದ್ದೇನೆ. ಅದಕ್ಕೆ ನೀರುಣಿಸಲು ನನ್ನ ಆಳು ಮುತ್ತರಾಯಪ್ಪ ಪೈಪು ಹಿಡಿದು ನಿಲ್ಲುತ್ತಾನೆ, ನಾನು ತಿಂಗಳು ತಿಂಗಳು ಬಿಲ್ಲು ಮಾಡುತ್ತೇನೆ. ಇನ್ನೈದು ಕಡೆಯೂ ಹಾಗೆಯೇ. ನಿಮ್ಮ ಮನೆಯ ಹುಲ್ಲು ನೀರಿಲ್ಲದೆ ನಿಂತಿತೆಂದರೆ ನೀವು ತಿಲಕನಿಗೆ ಹೇಳುತ್ತೀರಿ. ನಿಮ್ಮ ಮಾತನ್ನು ಅವನು ಸರ್ಕಾರಿ ಗೆಜೆಟ್ಟಿನ ಹಾಗೆ ನಂಬುತ್ತಾನೆ. ಅಲ್ಲಿಗೆ ನನ್ನ ಆರು ಪೈಪೂ ಸುತ್ತಿಟ್ಟ ಹಾಗೆಯೇ.

ಇಷ್ಟಕ್ಕೇ ನಿಂತಿದ್ದರೆ ವ್ಯಾಪಾರ ಎಂದು ನಾನೇ ನನ್ನನ್ನು ಮನ್ನಿಸಿಕೊಳ್ಳುತ್ತಿದ್ದೆ. ದೀಪಾವಳಿ ಕಳೆದ ವಾರ ನೀವು ನನ್ನನ್ನು ಕರೆಸಿದಿರಿ. ಆದಿಲಕ್ಷ್ಮಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ನಿಂತಿದ್ದಳು. ಅವಳ ಮಾತು ನಿಮಗೆ ಸರಿಯಾಗಿ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು.

"ಉಲ್ಲಿಗೆ ಯಾರಾನ ನೀರ್ ಉಯ್ತಾರಾ ಸಾಮಿ? ನಮ್ ಸಾನಮಾವು ಕಾಡ್ನಾಗೆ ಆಳುದ್ದ ಬೆಳ್ದೈತೆ. ಅಲ್ಲಿ ಯಾರು ಬಿಂದ್ಗೆ ಇಡ್ಕೊಂಡ್ ನಿಂತವ್ರೆ?"

ಅವಳು ಕೆಲಸ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಎಂದು ನೀವು. ನೀರು ಹೆಚ್ಚಾಗಿಯೇ ಹುಲ್ಲು ನೆಲಕ್ಕೆ ಒರಗುತ್ತಿದೆ ಎಂದು ಅವಳು. ನೀವು ನನ್ನ ಕಡೆ ತಿರುಗಿ, ನೀನು ತಿಳಿದವನು, ನೀನೇ ಹೇಳು ಅಂದಿರಿ. ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ನಾನು ಹೇಳಿದ್ದು ಇದು: "ಇದು ಫಾರಿನ್ ತಳಿ ಕಣಮ್ಮ, ನಿಮ್ಮ ಕಾಡುಹುಲ್ಲಿನ ಲೆಕ್ಕ ಇದಕ್ಕೆ ಬರಲ್ಲ. ಎರಡು ಬಿಂದಿಗೆ ತಪ್ಪಿಸಬೇಡಿ."

ನೀವು ಅವತ್ತೇ ಅವಳನ್ನು ಕೆಲಸದಿಂದ ಬಿಡಿಸಿದಿರಿ. ಸೋಮಾರಿ ಎಂಬ ಮಾತು ಗೋಡೆ ದಾಟಿ, ಬೀದಿಯ ಇನ್ನು ಮೂರು ಮನೆಯವರೂ ಒಬ್ಬರ ಹಿಂದೆ ಒಬ್ಬರು ಬಿಡಿಸಿದರು. ಅರವತ್ತಾರು ವರ್ಷದ ನೀವು ಅಂದಿನಿಂದ ಬಿಂದಿಗೆ ಎತ್ತಿದಿರಿ. ಫೆಬ್ರವರಿ ಇಪ್ಪತ್ತನಾಲ್ಕರ ಬೆಳಿಗ್ಗೆ ಬಾವಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕಾಲು ಜಾರಿತು.

ಈ ಲೆಕ್ಕದಲ್ಲಿ ನನ್ನ ಹೆಸರಿನ ಮುಂದೆ ಏನೂ ಖರ್ಚು ಬಿದ್ದಿಲ್ಲ. ಅದಕ್ಕೇ ನಿದ್ದೆ ಬರುತ್ತಿಲ್ಲ.

ನಿಮ್ಮ,
ಹನುಮಂತರಾಯಪ್ಪ


ಹೊಸೂರು
14-3-2004

ಟೀಚರಮ್ಮನವರಿಗೆ ಹನುಮಂತರಾಯಪ್ಪನ ನಮಸ್ಕಾರಗಳು.

ಕೃಷ್ಣಗಿರಿಗೆ ಕ್ಷೇಮವಾಗಿ ತಲುಪಿದಿರಿ ಎಂದು ಶ್ರೀರಂಜನಿ ಫೋನಿನಲ್ಲಿ ಹೇಳಿದಳು. ನೀವು ಹೋಗುವುದಕ್ಕೂ ಸರ್ಕಾರದವರು ಆ ಊರನ್ನು ಹೊಸ ಜಿಲ್ಲೆಯ ಕೇಂದ್ರ ಮಾಡುವುದಕ್ಕೂ ಸರಿಹೋಯಿತು. ಕಲೆಕ್ಟರ ನೆರೆಯವರಾದಿರಿ, ಇನ್ನು ನಮ್ಮ ಅರ್ಜಿಗಳನ್ನೆಲ್ಲ ನಿಮ್ಮ ಕೈಗೇ ಕೊಡುತ್ತೇವೆ.

ಮನೆಯ ಬೀಗದ ಕೈ ನನ್ನ ಹತ್ತಿರ ಜೋಪಾನವಾಗಿದೆ. ಬಾಗಿಲು, ಕಿಟಕಿ, ಹುಲ್ಲು ಎಲ್ಲ ಚೆನ್ನಾಗಿವೆ. ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡಿ. ಬೇರೆ ವಿಶೇಷವಿಲ್ಲ.

ಇತಿ ನಿಮ್ಮ,
ಹನುಮಂತರಾಯಪ್ಪ


ಕೃಷ್ಣಗಿರಿ
1-4-2004

ಚಿ. ಹನುಮಂತರಾಯಪ್ಪನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಅಕ್ಷರ ಇನ್ನೂ ದುಂಡಗೆ ಇದೆ, ನೋಡಿ ಸಂತೋಷ. ನಾಲ್ಕು ಕಾಲಿನ ಕೋಲು ಹಿಡಿದು ಹಜಾರದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೇನೆ. ಶ್ರೀರಂಜನಿ ಬ್ಯಾಂಕಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಕಿವಿ ಕೇಳಿಸದಿರುವುದರಿಂದ ಒಂದು ಅನುಕೂಲವಿದೆ, ಪಕ್ಕದ ಮನೆಯವರ ಟೀವಿಯ ಕಾಟವಿಲ್ಲ.

ಹುಲ್ಲಿನದೇ ಯೋಚನೆ. ಯಾರು ನೀರು ಹಾಕುತ್ತಿದ್ದಾರೆ? ನೀನೇ ಹಾಕುತ್ತಿದ್ದರೆ ನಿನ್ನ ಕೆಲಸಗಳ ನಡುವೆ ತೊಂದರೆ ಕೊಟ್ಟಂತಾಯಿತು. ಆದರೂ ಎರಡು ಬಿಂದಿಗೆ ತಪ್ಪಿಸಬೇಡ. ನಾನು ಬೀಳುವ ಮುಂಚೆಯೇ ಅದು ಒಂದು ಕಡೆಗೆ ವಾಲುತ್ತಿತ್ತು. ಬಾಯಾರಿಕೆಯಿಂದ ಇರಬೇಕೆಂದು ಕೊನೆಯ ವಾರಗಳಲ್ಲಿ ನಾನು ಮೂರು ಹಾಕುತ್ತಿದ್ದೆ. ನಿನಗೆ ಹೇಳಿರಲಿಲ್ಲ.

ಇನ್ನೊಂದು ವಿಷಯ. ಪಕ್ಕದ ಮನೆಯ ರುಕ್ಮಿಣಮ್ಮ ನೋಡಲು ಬಂದಿದ್ದರು. ಆದಿಲಕ್ಷ್ಮಿಗೆ ನಮ್ಮ ಬೀದಿಯಲ್ಲಿ ಈಗ ಒಂದು ಮನೆಯೂ ಇಲ್ಲವಂತೆ. ನಾನು ಅಷ್ಟು ದೂರ ಹೋಗಲೆಂದು ಹೇಳಿದ ಮಾತಲ್ಲ ಅದು. ಒಮ್ಮೆ ಪಾಪ ಅನ್ನಿಸುತ್ತದೆ. ಆಮೇಲೆ, ಆ ಬೆಳಿಗ್ಗೆ ಬಿಂದಿಗೆ ಎತ್ತಬೇಕಾದವಳು ಅವಳಲ್ಲವೇ ಅನ್ನಿಸುತ್ತದೆ. ಹನ್ನೊಂದು ವರ್ಷ ನನ್ನ ಮನೆಯಲ್ಲಿ ಓಡಾಡಿದವಳು ಒಂದು ಹುಲ್ಲಿಗಾಗಿ ನನ್ನೆದುರು ಅಷ್ಟು ಹಟ ಮಾಡಬಾರದಿತ್ತು. ಅವಳನ್ನು ಮತ್ತೆ ಕರೆಯಲೋ ಬೇಡವೋ? ನ್ಯಾಯ ಹೇಳಿದವನು ನೀನು, ಮುಂದಿನದನ್ನೂ ನೀನೇ ಹೇಳು.

ಆಶೀರ್ವಾದಗಳೊಂದಿಗೆ,
ರಾಧಮ್ಮ


ಹೊಸೂರು
10-4-2004

ಟೀಚರಮ್ಮನವರಿಗೆ ನಮಸ್ಕಾರಗಳು.

ನೀವು ಹಜಾರ ದಾಟಿದ ಸುದ್ದಿ ಓದಿ ನರ್ಸರಿಯಲ್ಲಿ ಎಲ್ಲರಿಗೂ ಕಡಲೆಮಿಠಾಯಿ ಹಂಚಿದೆ. ಯಾಕೆಂದು ಮುತ್ತರಾಯಪ್ಪ ಕೇಳಿದ. ಜಿಲ್ಲಾ ಕೇಂದ್ರದಲ್ಲಿ ನಮ್ಮವರೊಬ್ಬರು ನಡೆದಾಡುತ್ತಿದ್ದಾರೆ ಅಂದೆ.

ಹುಲ್ಲಿನ ಯೋಚನೆ ಬೇಡ. ನಾನೇ ನೋಡಿಕೊಳ್ಳುತ್ತಿದ್ದೇನೆ. ವಾಲಿದ್ದ ಬುಡಗಳು ನೆಟ್ಟಗಾಗಿವೆ.

ಆದಿಲಕ್ಷ್ಮಿಯ ವಿಷಯಕ್ಕೆ ಅವಸರವೇನು. ನೀವು ಮೊದಲು ಗುಣವಾಗಿ ಬನ್ನಿ, ಆಮೇಲೆ ಕೂತು ಮಾತಾಡಿದರಾಯಿತು. ಇಂಥದ್ದಕ್ಕೆಲ್ಲ ಕಾಗದದಲ್ಲಿ ನ್ಯಾಯ ಹೇಳುವಷ್ಟು ದೊಡ್ಡವನು ನಾನಲ್ಲ.

ಇತಿ ನಿಮ್ಮ,
ಹನುಮಂತರಾಯಪ್ಪ


(ಬರೆದು, ಅಂಚೆಗೆ ಹಾಕದೆ ಉಳಿಸಿಕೊಂಡದ್ದು)

ಹೊಸೂರು
30-5-2004

ಟೀಚರಮ್ಮ,

ನಿಮ್ಮ ಹುಲ್ಲಿಗೆ ನೀರು ಹಾಕುವುದು ನಿಂತು ಮೂರು ತಿಂಗಳಾಯಿತು. ಈ ನಡುವೆ ಆಕಾಶದಿಂದ ಬಿದ್ದದ್ದು ಎರಡು ಮಳೆ, ಅದೂ ಮಾವಿನಕಾಯಿ ಉದುರಿಸಿ ಹೋದವು. ಈಗ ಬಂದು ನೋಡಬೇಕು ನೀವು. ಎದೆಯುದ್ದ ನಿಂತಿದೆ. ನೀವು ಮುದ್ದು ಮಾಡಿ ಕುಡಿಸುತ್ತಿದ್ದಾಗ ಕುಡುಕನ ಹಾಗೆ ಗೋಡೆಗೆ ಒರಗುತ್ತಿದ್ದದ್ದು ಈಗ ನೆಟ್ಟಗೆ ನಿಂತು, ಬುಡಕ್ಕೆ ಐವತ್ತರವತ್ತು ತೆನೆ ಬಿಟ್ಟಿದೆ. ಸಂಜೆ ಬಿಸಿಲು ಬಿದ್ದರೆ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಇಪ್ಪತ್ತೈದು ವರ್ಷದ ದಂಧೆಯಲ್ಲಿ ಗಿಡ ಚೆನ್ನಾಗಿ ಬಂತೆಂದು ನಾನು ತಲೆ ತಗ್ಗಿಸಿದ್ದು ಇದೇ ಮೊದಲು.

ನಾಚಿಕೆ ಬಿಟ್ಟು ಇನ್ನೊಂದು ಬರೆಯುತ್ತೇನೆ. ಹೋದ ಭಾನುವಾರ ನಿಮ್ಮ ಬಾವಿಯಿಂದ ನೀರು ಸೇದಿದೆ. ಹುಲ್ಲಿಗೆ ದಿನಕ್ಕೆ ನಾಲ್ಕು ಬಿಂದಿಗೆ ಸುರಿದು, ನೀವು ಬರುವಷ್ಟರಲ್ಲಿ ಮತ್ತೆ ಮಲಗಿಸಿಬಿಡಬೇಕು ಎನ್ನುವುದು ನನ್ನ ಯೋಜನೆ. ನೀರಿಲ್ಲದೆ ಹೇಗೆ ನಿಂತಿತೆಂದು ಆಗ ಯಾರೂ ಕೇಳುವುದಿಲ್ಲ. ಒಂದು ಬಿಂದಿಗೆ ಸುರಿದು ಎರಡನೆಯದನ್ನು ಎತ್ತಿದಾಗ ಗೋಡೆಯ ಆಚೆಯಿಂದ ರುಕ್ಮಿಣಮ್ಮ, ಎಷ್ಟು ನಿಷ್ಠೆಯಪ್ಪ ನಿನಗೆ, ಸ್ವಂತ ಮಗ ಮಾಡುವುದಿಲ್ಲ ಇಷ್ಟು ಅಂದರು. ಬಿಂದಿಗೆಯನ್ನು ಕಲ್ಲಿನ ಮೇಲಿಟ್ಟೆ. ಅದೇ ಕಲ್ಲು. ಆ ನೀರನ್ನು ವಾಪಸು ಬಾವಿಗೇ ಸುರಿದು, ಬೀಗ ಹಾಕಿ ಬಂದೆ.

ಅಲ್ಲಿಂದ ಮನೆಗೆ ಹೋಗದೆ ಸಾನಮಾವಿಗೆ ಹೋದೆ. ಆದಿಲಕ್ಷ್ಮಿಯ ಮನೆ ಕಾಡಿನಂಚಿನಲ್ಲಿದೆ, ಆನೆ ಬರುತ್ತದೆಂದು ಮುಂದೆ ಬೆಂಕಿ ಹಾಕುವ ಗುಂಡಿ. ಈಗ ಅವಳು ಕೂಲಿ ಹೋಗುತ್ತಾಳೆ. ಎಲ್ಲಿಗೆ ಅಂದರೆ ಸಿಕ್ಕ ಕಡೆಗೆ. ಬೆಳಿಗ್ಗೆ ಐದಕ್ಕೆ ಲಾರಿ ಹತ್ತಿ ಟೊಮೇಟೊ ಬಿಡಿಸಲು ಹೋದರೆ ಕತ್ತಲಾದ ಮೇಲೆ ಬರುತ್ತಾಳೆ, ಆನೆಯ ದಾರಿಯಲ್ಲಿ ನಡೆದು. ನಿಮ್ಮ ಬೀದಿಯ ಕೆಲಸವಿದ್ದಾಗ ಮೂರು ಗಂಟೆಗೆಲ್ಲ ಮನೆ ಸೇರುತ್ತಿದ್ದಳಂತೆ. ನನ್ನ ನರ್ಸರಿಗೆ ಬಾ, ಚೀಲಕ್ಕೆ ಮಣ್ಣು ತುಂಬುವ ಕೆಲಸ, ನೆರಳಲ್ಲಿ ಕೂತು ಮಾಡುವುದು, ದಿನವೂ ಇದೆ ಅಂದೆ.

ಬೇಡ ಅಂದಳು. "ಕೆಲ್ಸಕ್ಕೇನು ಸಾಮಿ, ಕೈ ಐತೆ. ಸೋಮಾರಿ ಅಂದ್ಬುಟ್ರಲ್ಲ, ಅದೊಂದು ಓಗ್ಬೇಕು."

ನಾನು ಕಡ್ಡಿಯಿಂದ ನೆಲ ಕೆರೆಯುತ್ತಾ ಕೂತೆ. ಅವಳಿಗೆ ನನ್ನ ಮೇಲೆ ಕನಿಕರ ಬಂತೋ ಏನೋ, ಲೋಟದಲ್ಲಿ ಮಜ್ಜಿಗೆ ತಂದಿಟ್ಟಳು. "ನೀವೇನ್ ಮಾಡ್ತೀರಿ ಬುಡಿ. ಫಾರಿನ್ ಗಿಡ, ನಿಮ್ಗೂ ಸರ್ಯಾಗ್ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಅಂಗ್ ಯೋಳ್ತಿದ್ರಾ?"

ಕೃಷ್ಣಗಿರಿಯಿಂದ ಬೆಂಗಳೂರಿನವರೆಗೆ ಹನುಮಂತರಾಯಪ್ಪನಿಗೆ ಗಿಡ ಗೊತ್ತಿಲ್ಲ ಎಂದು ಯಾರಾದರೂ ಅಂದಿದ್ದರೆ ನಾನು ಬಿಡುತ್ತಿರಲಿಲ್ಲ. ಅವತ್ತು ಅವಳ ಮಜ್ಜಿಗೆ ಕುಡಿದು, ಹೌದಮ್ಮ, ಗೊತ್ತಿರಲಿಲ್ಲ ಎಂದು ಎದ್ದು ಬಂದೆ.

ಹ.


ಕೃಷ್ಣಗಿರಿ
13-6-2004

ಚಿ. ಹನುಮಂತರಾಯಪ್ಪನಿಗೆ ಆಶೀರ್ವಾದಗಳು.

ನೀನು ಎರಡು ತಿಂಗಳಿಂದ ಬರೆದಿಲ್ಲ. ಕೆಲಸ ಹೆಚ್ಚಿರಬೇಕು.

ಹೋದ ಭಾನುವಾರ ತಿಲಕ್ ಬಂದಿದ್ದ. ನಮ್ಮ ಮನೆ ಮುಂದಿನ ಹುಲ್ಲನ್ನು ಎಷ್ಟು ಹೊಗಳಿದನೆಂದರೆ, ನನಗೆ ಅದು ಬೇರೆ ಯಾರದೋ ಮನೆ ಅನ್ನಿಸಿತು. ಅವರ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಈಗಾಗಲೇ ಸ್ವಲ್ಪ ಇದೆಯಂತೆ, ಮುಂದಿನ ಜಾಗಕ್ಕೆಲ್ಲ ಅದನ್ನೇ ಹಾಕಿಸುವ ಆಲೋಚನೆಯಿದೆಯಂತೆ, ನೀರಿನದೊಂದೇ ಅವನಿಗೆ ಚಿಂತೆ. ನಿಮ್ಮಲ್ಲಿ ಎಷ್ಟು ಹಾಕುತ್ತಿದ್ದಿರಿ ಮೇಡಂ ಎಂದು ಕೇಳಿದ. ಎರಡು ದಿನಕ್ಕೆ ನಾಲ್ಕು ಬುಡಕ್ಕೆ ಎರಡು ಬಿಂದಿಗೆ ಎಂದೆ. ಅಷ್ಟಾದರೆ ಆಗುವುದಿಲ್ಲ ಅಂದ. ಹನುಮಂತರಾಯಪ್ಪ ತಪ್ಪದೆ ಹೋಗಿ ನೀರು ಹಾಕುವುದಕ್ಕೇ ಅಷ್ಟು ಚೆನ್ನಾಗಿರುವುದು ಎಂದೂ ಹೇಳಿದೆ. ನಿನ್ನ ನಿಷ್ಠೆಯನ್ನು ರುಕ್ಮಿಣಮ್ಮನೂ ಫೋನಿನಲ್ಲಿ ಶ್ರೀರಂಜನಿಗೆ ಹೇಳಿದ್ದಾರೆ.

ಜುಲೈ ಮೊದಲ ವಾರ ತಿಲಕ್ ತನ್ನ ಕಾರಿನಲ್ಲಿ ನನ್ನನ್ನು ಒಂದು ದಿನ ಹೊಸೂರಿಗೆ ಕರೆತರುತ್ತಾನೆ. ಮನೆ ನೋಡಬೇಕು, ಹುಲ್ಲು ನೋಡಬೇಕು. ಆದಿಲಕ್ಷ್ಮಿಯನ್ನೂ ಕರೆಸು. ನೀರು ಹಾಕಿದರೆ ಹೇಗೆ ಬರುತ್ತದೆಂದು ಅವಳೂ ಒಮ್ಮೆ ನೋಡಲಿ. ತಪ್ಪು ಒಪ್ಪಿಕೊಂಡರೆ ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ, ನನಗೂ ಅವಳಿಲ್ಲದೆ ಆಗುವುದಿಲ್ಲ.

ಆಶೀರ್ವಾದಗಳೊಂದಿಗೆ,
ರಾಧಮ್ಮ


ಹೊಸೂರು
20-6-2004

ಟೀಚರಮ್ಮನವರಿಗೆ ಹನುಮಂತರಾಯಪ್ಪನ ನಮಸ್ಕಾರಗಳು.

ಆದಿಲಕ್ಷ್ಮಿಯನ್ನು ಕರೆಸುವುದಿಲ್ಲ. ಅವಳು ಒಪ್ಪಿಕೊಳ್ಳಬೇಕಾದ ತಪ್ಪು ಯಾವುದೂ ಇಲ್ಲ.

ಆ ಹುಲ್ಲಿಗೆ ಬೇರು ಹಿಡಿದ ಮೇಲೆ ನೀರು ಬೇಕಿಲ್ಲ. ನೆಟ್ಟ ದಿನದಿಂದ ನನಗೆ ಇದು ಗೊತ್ತು. ನೀವು ಬಿದ್ದ ದಿನದಿಂದ ಇವತ್ತಿನವರೆಗೆ ನಾನು ಅದಕ್ಕೆ ಹಾಕಿದ್ದು ಒಂದೇ ಬಿಂದಿಗೆ, ಅದನ್ನೂ ಹಾಳು ಮಾಡುವ ಉದ್ದೇಶದಿಂದ. ಉಳಿದಂತೆ ಅದು ತಾನಾಗಿಯೇ ಬೆಳೆದಿದೆ. ವಾಲುತ್ತಿದ್ದದ್ದು ನೀರು ಹೆಚ್ಚಾಗಿ. ಆದಿಲಕ್ಷ್ಮಿ ಹೇಳಿದ್ದೂ ಅದನ್ನೇ.

ಕಾರ್ಖಾನೆಗಳಲ್ಲಿ ನೀರುಣಿಸುವ ಕಂಟ್ರಾಕ್ಟು ತಪ್ಪಬಾರದೆಂದು, ನಿಮ್ಮಿಂದ ತಿಲಕನಿಗೆ ಸುದ್ದಿ ಹೋಗಬಾರದೆಂದು ನಿಮಗೆ ಸುಳ್ಳು ಹೇಳಿದೆ. ನೀವು ನ್ಯಾಯ ಕೇಳಿದಾಗ ಅವಳ ಮುಖ ನೋಡಿಕೊಂಡೇ ಎರಡನೇ ಸಲ ಹೇಳಿದೆ. ನಿಮ್ಮ ಏಪ್ರಿಲ್ ಕಾಗದಕ್ಕೆ ಉತ್ತರ ಬರೆದಾಗ ಮೂರನೇ ಸಲ. ಮೇ ತಿಂಗಳಲ್ಲಿ ಅವಳ ಮನೆ ಬಾಗಿಲಲ್ಲೇ ಕೂತು, ಗೊತ್ತಿರಲಿಲ್ಲ ಎಂದು ನಾಲ್ಕನೇ ಸಲ.

ಇದನ್ನು ಮಾರ್ಚಿನಲ್ಲೇ ಬರೆದಿದ್ದೆ. ಆ ಕಾಗದ ಟ್ರಂಕಿನಲ್ಲಿದೆ. ಅದರಲ್ಲಿ ಮಾತು ಚೆನ್ನಾಗಿದೆ, ಓದಿದರೆ ನೀವು ನಡುವೆ ಒಂದೆರಡು ಕಡೆ ನಕ್ಕುಬಿಡುತ್ತೀರಿ. ಅದಕ್ಕೇ ಕಳುಹಿಸುತ್ತಿಲ್ಲ.

ಬೀಗದ ಕೈಯನ್ನು ರುಕ್ಮಿಣಮ್ಮನವರ ಹತ್ತಿರ ಕೊಟ್ಟಿದ್ದೇನೆ. ನೀವು ಬರುವ ದಿನ ನಾನು ಇರಬೇಕೋ ಇರಬಾರದೋ, ನೀವು ಹೇಳಿದ ಹಾಗೆ.

ಹನುಮಂತರಾಯಪ್ಪ


ಕೃಷ್ಣಗಿರಿ
22-8-2004

ಶ್ರೀ ಹನುಮಂತರಾಯಪ್ಪನವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ತಡವಾಯಿತು. ಜುಲೈಯಲ್ಲಿ ನಾನು ಬರಲಿಲ್ಲ. ಸೊಂಟದ ನೋವು ಎಂದು ತಿಲಕನಿಗೆ ಹೇಳಿದೆ.

ಸೊಂಟದ ಬಗ್ಗೆ ನಿಮಗೆ ಸಂಕಟವಾಗುವುದು ಬೇಡ. ವಯಸ್ಸಾದವರು ಬೀಳುತ್ತಾರೆ. ಆ ಕಲ್ಲಿನ ಮೇಲೆ ಬೇರೆ ಕೆಲಸಕ್ಕೆ ಹೋಗಿದ್ದಾಗಲೂ ಬೀಳಬಹುದಿತ್ತು.

ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದೇನೆ. ಉತ್ತರ ತಪ್ಪಿದ ಮಕ್ಕಳಿಗೆ ಬೆತ್ತದ ರುಚಿ ತೋರಿಸಿದ್ದುಂಟು, ಅದಕ್ಕೆ ಈಗ ಬೇಸರವೂ ಉಂಟು. ಆದರೆ ಸರಿಯುತ್ತರ ಹೇಳಿದವರನ್ನು ಒಮ್ಮೆಯೂ ಶಿಕ್ಷಿಸಿರಲಿಲ್ಲ. ಅದನ್ನು ನನ್ನ ಕೈಯಲ್ಲಿ ಮಾಡಿಸಿದಿರಿ. ಹನ್ನೊಂದು ವರ್ಷ ನನ್ನ ಮನೆಯಲ್ಲಿ ಉಂಡವಳ ಮೇಲೆ ಮಾಡಿಸಿದಿರಿ. ನಾನು ಅವಳನ್ನು ಕೇಳಲಿಲ್ಲ, ನಿಮ್ಮನ್ನು ಕೇಳಿದೆ, ಏಕೆಂದರೆ ನೀವು ನನ್ನ ಹತ್ತಿರ ಕಲಿತವರು. ಈ ಎರಡು ತಿಂಗಳು ನಾನು ಯೋಚಿಸಿದ್ದು ಅದೊಂದನ್ನೇ. ಅದು ನಿಮ್ಮ ತಪ್ಪು ಮಾತ್ರವಲ್ಲ.

ಅವಳ ಹತ್ತಿರ ನನ್ನ ಪಾಲಿನದನ್ನು ನಾನೇ ಹೇಳುತ್ತೇನೆ. ಕಾರು ಹತ್ತುವಷ್ಟು ಶಕ್ತಿ ಬರಲಿ. ನಿಮ್ಮ ಪಾಲಿನದನ್ನು ಅಷ್ಟರಲ್ಲಿ ನೀವು ಹೇಳಿ ಮುಗಿಸಿ. ಹುಲ್ಲಿಗೆ ನೀರು ಬೇಡವೆಂದು ತಿಲಕನಿಗೆ ಬರೆದಿದ್ದೇನೆ. ಯಾಕೆ ಮೊದಲು ಬೇಕು ಎಂದಿದ್ದೆ ಎನ್ನುವುದನ್ನು ಬರೆದಿಲ್ಲ. ಅದು ನಿಮಗೆ ಸೇರಿದ್ದು.

ರಾಧಮ್ಮ


ಹೊಸೂರು
10-10-2004

ಟೀಚರಮ್ಮನವರಿಗೆ,

ನೀವು ಉತ್ತರ ಕೇಳಿಲ್ಲ. ಆದರೂ ನೀವು ಹೇಳಿದ ಕೆಲಸ ಏನಾಯಿತೆಂದು ಒಪ್ಪಿಸುವುದು ನನ್ನ ಕಡೆಯಿಂದ ಬಾಕಿಯಿದೆ.

ಸಾನಮಾವಿಗೆ ಹೋದೆ. ಆದಿಲಕ್ಷ್ಮಿ ರಾಗಿ ಕೇರುತ್ತಿದ್ದಳು. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಹೇಳಿದ್ದು ಅಂದೆ. ಮೊರ ನಿಲ್ಲಲಿಲ್ಲ. ಎಲ್ಲ ಹೊಟ್ಟು ಹಾರಿಸಿ ಮುಗಿಸಿದಳು, ಕಾಳನ್ನು ಚೀಲಕ್ಕೆ ಸುರಿದಳು, ಚೀಲದ ಬಾಯಿ ಕಟ್ಟಿದಳು. ಆಮೇಲೆ, ನಾನ್ ಮಜ್ಗೆ ಕೊಟ್ನಲ್ಲ ಸಾಮಿ ನಿಮ್ಗೆ, ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಏನು ಮಾಡಲಿ ಎಂದು ಕೇಳಿದೆ. ಬೀದಿಯ ಮೂರು ಮನೆಗೂ ಹೋಗಿ ಗೇಟಿನಲ್ಲಿ ನಿಂತು, ಒಳಗೆ ಕೂರದೆ, ಹೇಳಬೇಕು ಅಂದಳು. ನೀನೂ ಬಾ ಅಂದೆ.

"ನಾನ್ ಯಾಕ್ ಬರ್ಲಿ, ಅವ್ರ ಮಕ ನೋಡ್ಕೊಂಡ್ ನಿಂತ್ಕೊಳಾಕಾ? ಸೋಮಾರಿ ಅನ್ನುವಾಗ ನನ್ನ ಕರ್ದಿದ್ರಾ? ನೀವೇ ಓಗಿ."

ಹೋದೆ. ವ್ಯಾಪಾರ ಮಾಡಲು ಎಷ್ಟು ಗೇಟು ತಟ್ಟಿದ್ದೇನೋ ಲೆಕ್ಕವಿಲ್ಲ, ಆದರೆ ಕೈಯಲ್ಲಿ ಒಂದು ಸಸಿಯೂ ಇಲ್ಲದೆ ತಟ್ಟಿದ್ದು ಇದೇ ಮೊದಲು. ರುಕ್ಮಿಣಮ್ಮ ಪೂರ್ತಿ ಕೇಳಿ, ಹಾಗಾದರೆ ಅವತ್ತು ಬಿಂದಿಗೆ ಹಿಡಿದು ನಿಂತಿದ್ದು ಯಾಕೆ ಅಂದರು. ಅದನ್ನೂ ಹೇಳಿದೆ. ಅವರು ಒಳಗೆ ಹೋಗಿ ಬೀಗದ ಕೈ ತಂದು, ಸೆರಗಿಗೆ ಗಂಟು ಹಾಕಿಕೊಂಡರು, ನಾನೇನೋ ಕಿತ್ತುಕೊಳ್ಳುವವನಂತೆ. ಎದುರು ಮನೆಯ ರಾಮಲಕ್ಷ್ಮಮ್ಮನಿಗೆ ಆದಿಲಕ್ಷ್ಮಿಯನ್ನು ಯಾಕೆ ಬಿಡಿಸಿದ್ದೆಂಬುದೇ ನೆನಪಿರಲಿಲ್ಲ. ಏನೋ ಒಂದು ಇತ್ತಪ್ಪ, ಈಗ ಬೇರೆಯವಳಿದ್ದಾಳೆ ಅಂದರು. ಮೂಲೆ ಮನೆಯ ಪಾರ್ವತಮ್ಮ ನಾನು ಹೇಳಿ ಮುಗಿಸುತ್ತಲೇ ಗೇಟಿನ ಚಿಲಕ ಹಾಕಿದರು. ಮಾರನೆಯ ದಿನ ಅವರೇ ಆಟೋ ಮಾಡಿಕೊಂಡು ಸಾನಮಾವಿಗೆ ಹೋದರೆಂದು ಆಮೇಲೆ ತಿಳಿಯಿತು.

ತಿಲಕನ ಆಫೀಸಿನಲ್ಲಿ ನಿಂತುಕೊಂಡೇ ಹೇಳಿದೆ. ಎಲ್ಲ ಕೇಳಿ ಅವನು ಪೆನ್ನಿನ ಮುಚ್ಚಳ ಹಾಕಿದ. ಮೇಡಂ ವಿಷಯಕ್ಕೆ ನಾನು ನಿಮ್ಮ ಜೊತೆ ಮಾತಾಡುವುದಿಲ್ಲ ಅಂದ. ನೀರಿನ ಕಂಟ್ರಾಕ್ಟು ಅವತ್ತೇ ರದ್ದು ಮಾಡಿದ. ಅವನಿಂದ ಇನ್ನೈದು ಕಾರ್ಖಾನೆಗೂ ಸುದ್ದಿ ಹೋಯಿತು, ನಾಲ್ವರು ರದ್ದು ಮಾಡಿದರು.

ನೀವು ಹೋದ ವಾರ ಕಾರಿನಲ್ಲಿ ಸಾನಮಾವಿಗೆ ಬಂದು, ಆದಿಲಕ್ಷ್ಮಿಯ ಜಗುಲಿಯಲ್ಲಿ ಒಂದು ಗಂಟೆ ಕೂತಿದ್ದಿರೆಂದು ಅವಳೇ ಹೇಳಿದಳು. ಏನು ಮಾತಾಡಿದಿರಿ ಎಂದು ಕೇಳಿದೆ. ಅದು ನಮ್ಮಿಬ್ರುದು ಅಂದಳು.

ಯಾರಿಗೆ ಏನು ಬಂತೆಂದು ಬರೆದು ಮುಗಿಸುತ್ತೇನೆ.

ಆದಿಲಕ್ಷ್ಮಿಗೆ ಎರಡು ಮನೆ ವಾಪಸು ಬಂದವು, ಪಾರ್ವತಮ್ಮನವರದು ಮತ್ತು ರುಕ್ಮಿಣಮ್ಮನವರದು. ಹೆಸರಿಗೆ ಅಂಟಿದ್ದು ಹೋಯಿತು. ನೀವು ಕರೆದರೂ ನಿಮ್ಮ ಮನೆಗೆ ಬರಲು ಒಪ್ಪಿಲ್ಲ. ರಾಮಲಕ್ಷ್ಮಮ್ಮನಿಗೆ ಏನೂ ಬರಲಿಲ್ಲ, ಏನೂ ಹೋಗಲಿಲ್ಲ. ಮುತ್ತರಾಯಪ್ಪ ಹದಿನಾಲ್ಕು ವರ್ಷ ಪೈಪು ಹಿಡಿದವನು, ಯಾರಿಗೂ ಸುಳ್ಳು ಹೇಳಿದವನಲ್ಲ. ಅವನಿಗೆ ಈಗ ನರ್ಸರಿಯಲ್ಲಿ ಚೀಲ ತುಂಬುವ ಕೆಲಸ, ಕೂಲಿ ಕಡಿಮೆ, ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಿಮಗೆ ನಾಲ್ಕು ಬುಡ ಹುಲ್ಲು, ನೀರು ಬೇಡುವುದಿಲ್ಲ, ವರ್ಷಕ್ಕೊಮ್ಮೆ ಗೇಣುದ್ದಕ್ಕೆ ಕತ್ತರಿಸಬೇಕು. ಒಂದು ಕೋಲು. ನಿಮ್ಮಿಬ್ಬರ ನಡುವೆ ಒಂದು ಗಂಟೆಯ ಮಾತು.

ನನಗೆ, ಈ ಸೋಮವಾರ ತಿಲಕ್ ಆಳಿನ ಕೈಯಲ್ಲಿ ಕಾಗದ ಕಳಿಸಿದ್ದಾನೆ. ಮುಖ ತೋರಿಸಲಿಲ್ಲ. ನೀರು ಬೇಡವೆಂದು ಖಾತ್ರಿಯಾದ ಮೇಲೆ, ಕಾರ್ಖಾನೆಯ ಮುಂದಿನ ಜಾಗಕ್ಕೆಲ್ಲ ಅದೇ ಹುಲ್ಲು, ಮೂರು ಸಾವಿರ ಸಸಿ ಬೇಕಂತೆ. ಸುತ್ತಮುತ್ತ ಇಷ್ಟು ಇರುವುದು ನನ್ನೊಬ್ಬನ ಹತ್ತಿರ. ಕಂಟ್ರಾಕ್ಟಿನಲ್ಲಿ ಹೋದದ್ದಕ್ಕಿಂತ ಹೆಚ್ಚು ಬರುತ್ತದೆ.

ಬೇಡ ಅನ್ನಲಿಲ್ಲ. ಎಲ್ಲರಿಗಿಂತ ಹೆಚ್ಚು ಸಿಕ್ಕಿದ್ದು ನನಗೆ.

ಹನುಮಂತರಾಯಪ್ಪ